ಗೆಣಸಿನ ಬಳ್ಳಿ, ಕುಡಚಿಯ ಬದನೆ

(ಹಿಂಡಲಗಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಜೀವಮಾನವಿಡೀ ಮಣ್ಣಿನಲ್ಲಿ ದುಡಿದ ಹಿರಿಯರೊಬ್ಬರ ನೆನಪಿಗೆ ಇಟ್ಟ ದತ್ತಿ ಇದು. ಅದಕ್ಕೇ ಬೀಜದ ಬಗ್ಗೆ ಮಾತಾಡುವುದು ಸರಿ ಅನ್ನಿಸಿತು. ಬೇರೆ ಜೀವಿಯ ಜೀನು ಸೇರಿದ ಕುಲಾಂತರಿ ಬೆಳೆ ಬೇಕೋ ಬೇಡವೋ ಎಂಬ ವಾದ ನಮ್ಮ ನಾಡಿನಲ್ಲಿ ಎದ್ದು ಕಾಲು ಶತಮಾನ ದಾಟಿತು. ಬೇಕು ಎನ್ನುವವರೂ ಬೇಡ ಎನ್ನುವವರೂ ಬೆಂಗಳೂರು, ದೆಹಲಿಗಳಲ್ಲಿ ಕೂತು ಸಾಕಷ್ಟು ಹೇಳಿದ್ದಾರೆ. ನಾನು ಮಾತನ್ನು ಹಿಂಡಲಗಾ ಸುತ್ತಲಿನ ನಿಮ್ಮ ಹೊಲದಿಂದ ಎತ್ತಿಕೊಳ್ಳುತ್ತೇನೆ.

ವೆಂಗುರ್ಲಾ ರಸ್ತೆ ಹಿಡಿದು ಹಿಂಡಲಗಾ ದಾಟಿ ಸುಳಗಾ, ಉಚಗಾಂವ ಕಡೆ ಹೋದರೆ, ಇತ್ತ ಬೆಳಗುಂದಿಯ ಕಡೆ ತಿರುಗಿದರೆ, ಮಳೆಗಾಲ ಮುಗಿಯುವ ಹೊತ್ತಿಗೆ ಗೆಣಸಿನ ಹೊಲಗಳು. ಮರಾಠಿ ಆಡುವ ಮನೆಗಳಲ್ಲಿ ಅದು ರತಾಳೆ. ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಡೆಯೂ ಇದೇ ನೋಟ. ಕೆಂಪು ಮಣ್ಣಿನ ಬೋದುಗಳ ಮೇಲೆ ಬಳ್ಳಿ ಹಬ್ಬಿ ನೆಲ ಕಾಣುವುದಿಲ್ಲ. ಕೀಳುವ ದಿನ ಮೊದಲು ಕುಡುಗೋಲಿನಿಂದ ಬಳ್ಳಿ ಕೊಯ್ದು ಸುರುಳಿ ಸುತ್ತಿ ಬದುವಿಗೆ ಸರಿಸುತ್ತಾರೆ. ಅದು ದನಕ್ಕೆ ಮೇವು. ಆಮೇಲೆ ಗುದ್ದಲಿ ಬೋದನ್ನು ಸೀಳುತ್ತದೆ. ಬುಡದ ಸುತ್ತ ನಾಲ್ಕೈದು ಗೆಡ್ಡೆ, ಮಣ್ಣು ಮೆತ್ತಿದ ಕೆಂಪು ತೊಗಟೆ. ಹಸಿ ಗೆಡ್ಡೆ ಮುರಿದರೆ ಬಿಳಿ ಹಾಲು ಒಸರಿ ಬೆರಳಿಗೆ ಅಂಟುತ್ತದೆ. ಒಣಗಿದ ಮೇಲೆ ಕಪ್ಪಾಗಿ ಕೂತರೆ ತಿಕ್ಕಿ ತೊಳೆದರೂ ಬಿಡುವುದಿಲ್ಲ. ಬೆಳಗಾವಿ ಮಾರುಕಟ್ಟೆಯಿಂದ ಈ ಗೆಣಸು ಲಾರಿ ಹತ್ತಿ ದೆಹಲಿಯವರೆಗೂ ಹೋಗುತ್ತದೆ. ಏಕಾದಶಿಗೆ, ಶಿವರಾತ್ರಿಗೆ ಉಪವಾಸ ಹಿಡಿದವರು ಬೇಯಿಸಿ ತಿನ್ನುತ್ತಾರೆ.

ಗೆಣಸಿಗೆ ಬೀಜದ ಪೊಟ್ಟಣವಿಲ್ಲ. ಮುಂದಿನ ಹಂಗಾಮಿಗೆ ಬೇಕಾದ ಬಳ್ಳಿಯನ್ನು ಬಾವಿಯ ಪಕ್ಕದ ಮೂಲೆಯಲ್ಲಿ ಉಳಿಸಿಕೊಳ್ಳುತ್ತೀರಿ. ನಿಮ್ಮದು ಒಣಗಿ ಹೋದರೆ ಪಕ್ಕದವರ ಹೊಲದಿಂದ ಒಂದು ಹೊರೆ ತರುತ್ತೀರಿ. ನಾನು ಹುಡುಗನಾಗಿದ್ದಾಗ ಅಪ್ಪನ ಹಿಂದೆ ಹೀಗೆ ಬಳ್ಳಿ ತರಲು ಹೋಗುತ್ತಿದ್ದೆ. ದುಡ್ಡಿನ ಮಾತೇ ಬರುತ್ತಿರಲಿಲ್ಲ. ಆ ಹೊಲದವರು ಚಹಾ ಕೊಟ್ಟು, ಮುಂದಿನ ವರ್ಷ ನಮಗೆ ಕಡಿಮೆ ಬಿದ್ದರೆ ನೀವು ಕೊಡಿ ಅನ್ನುತ್ತಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಇವತ್ತಿನ ಉಪನ್ಯಾಸವೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಈಗ ಒಂದು ಸಂಗತಿ. ನಿಮ್ಮ ಹೊಲದ ಈ ಗೆಣಸು ಕುಲಾಂತರಿ.

ಯಾವ ಕಂಪನಿಯೂ ಅದನ್ನು ಮಾಡಲಿಲ್ಲ, ಯಾವ ಪ್ರಯೋಗಾಲಯವೂ ಮಾಡಲಿಲ್ಲ. 2015ರಲ್ಲಿ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯ ಮತ್ತು ಪೆರುವಿನ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ವಿಜ್ಞಾನಿಗಳು ಜಗತ್ತಿನ ನಾನಾ ಕಡೆಯ 291 ಗೆಣಸಿನ ಮಾದರಿಗಳ ವಂಶವಾಹಿ ಪರೀಕ್ಷಿಸಿ ನೋಡಿದರು. 291ರಲ್ಲೂ ಒಂದು ಬ್ಯಾಕ್ಟೀರಿಯಾದ ಜೀನುಗಳು ಸಿಕ್ಕವು. ಬ್ಯಾಕ್ಟೀರಿಯಾದ ಹೆಸರು ಆಗ್ರೋಬ್ಯಾಕ್ಟೀರಿಯಂ. ದ್ರಾಕ್ಷಿ, ಗುಲಾಬಿ ಗಿಡಗಳ ಬುಡದಲ್ಲಿ ಒಮ್ಮೊಮ್ಮೆ ಗಂಟು ಕಟ್ಟುತ್ತದಲ್ಲ, ಅದು ಇದೇ ಕುಲದ ಕೆಲಸ. ಗಾಯವಾದ ಗಿಡದೊಳಕ್ಕೆ ತನ್ನ ಜೀನಿನ ತುಣುಕನ್ನು ತೂರಿಸಿ, ಗಿಡ ತನಗೆ ಬೇಕಾದ ಆಹಾರ ತಯಾರಿಸುವಂತೆ ಮಾಡಿಕೊಳ್ಳುವ ಸೂಕ್ಷ್ಮಜೀವಿ ಅದು. ಎಷ್ಟೋ ಸಾವಿರ ವರ್ಷಗಳ ಹಿಂದೆ ಅಮೆರಿಕ ಖಂಡದಲ್ಲಿ ಗೆಣಸಿನ ಪೂರ್ವಜ ಬಳ್ಳಿಯೊಂದರಲ್ಲಿ ಈ ತುಣುಕು ಸೇರಿ, ಹೊರಬೀಳದೆ ಉಳಿದುಬಿಟ್ಟಿತು. ಬೇರು ದಪ್ಪಗಾಗಿ ಗೆಡ್ಡೆಯಾಗುವುದಕ್ಕೂ ಇದಕ್ಕೂ ನಂಟಿರಬಹುದು ಎಂಬ ಊಹೆಯೂ ಇದೆ. ಅಲ್ಲಿನ ಜನ ಆ ಬಳ್ಳಿಯನ್ನು ಆರಿಸಿದರು, ಉಳಿಸಿದರು, ಹಂಚಿದರು. ಪೋರ್ಚುಗೀಸರ ಹಡಗು ಅದನ್ನು ನಮ್ಮ ಕರಾವಳಿಗೆ ತಂದಿತು. ನಮ್ಮ ಕಡೆ ಆಲೂಗಡ್ಡೆಗೆ ಬಟಾಟಿ ಎನ್ನುತ್ತೇವೆ. ಆ ಹೆಸರು ಹುಟ್ಟಿನಲ್ಲಿ ಗೆಣಸಿನದು. ಕೆರಿಬಿಯನ್ ದ್ವೀಪಗಳ ಜನ ಗೆಣಸನ್ನು ಬಟಾಟ ಅನ್ನುತ್ತಿದ್ದರು. ಬರುವ ದಾರಿಯಲ್ಲಿ ಹೆಸರು ಒಂದು ಗೆಡ್ಡೆಯಿಂದ ಇನ್ನೊಂದಕ್ಕೆ ಜಾರಿತು.

ವಿಜ್ಞಾನಿಗಳು 1983ರ ಹೊತ್ತಿಗೆ ಗಿಡದೊಳಗೆ ಬೇರೆ ಜೀವಿಯ ಜೀನು ಸೇರಿಸುವುದನ್ನು ಕಲಿತದ್ದು ಇದೇ ಆಗ್ರೋಬ್ಯಾಕ್ಟೀರಿಯಂನಿಂದ. ಆ ಕೆಲಸಕ್ಕೆ ದಾರಿ ಮಾಡಿದವರಲ್ಲಿ ಘೆಂಟ್‌ನ ಮಾರ್ಕ್ ವಾನ್ ಮಾಂಟಗು, ಯೋಸೆಫ್ ಶೆಲ್ ಒಂದು ಕಡೆ, ಅಮೆರಿಕದ ಮೇರಿ-ಡೆಲ್ ಚಿಲ್ಟನ್ ಇನ್ನೊಂದು ಕಡೆ. ಬ್ಯಾಕ್ಟೀರಿಯಾದ ಹಾನಿಕಾರಕ ಜೀನು ತೆಗೆದು ಆ ಜಾಗದಲ್ಲಿ ತಮಗೆ ಬೇಕಾದ್ದನ್ನು ಇಟ್ಟರು. ಗಿಡದೊಳಕ್ಕೆ ಒಯ್ದು ಮುಟ್ಟಿಸುವ ಕೆಲಸವನ್ನು ಬ್ಯಾಕ್ಟೀರಿಯಾಕ್ಕೇ ಬಿಟ್ಟರು.

ಗೆಣಸಿನ ಈ ಕಥೆಯನ್ನು ಕೆಲವರು ದುಡುಕಿ ಬಳಸುತ್ತಾರೆ. ನಿಸರ್ಗವೇ ಮಾಡಿದೆ, ಆದ್ದರಿಂದ ಕುಲಾಂತರಿ ಎಲ್ಲವೂ ಸುರಕ್ಷಿತ ಎನ್ನುತ್ತಾರೆ. ಅದು ತರ್ಕವಲ್ಲ. ಸಾವಿರಾರು ವರ್ಷ ಜನ ತಿಂದು, ಬೆಳೆದು, ಆರಿಸಿ ನೋಡಿದ ಗೆಡ್ಡೆಗೂ ಹತ್ತು ವರ್ಷದ ಕೆಳಗೆ ತಯಾರಾದ ಗಿಡಕ್ಕೂ ಒಂದೇ ಅಳತೆ ಹಿಡಿಯಲಾಗದು. ಆದರೆ ಇನ್ನೊಂದು ಮಾತೂ ಅಷ್ಟೇ ನಿಜ. ಬೇರೆ ಜೀವಿಯ ಜೀನು ಸೇರಿದ ಮಾತ್ರಕ್ಕೆ ಗಿಡ ಮೈಲಿಗೆಯಾಯಿತು ಎನ್ನುವುದೂ ನಿಲ್ಲುವುದಿಲ್ಲ. ನಿಲ್ಲುವುದಾದರೆ ಏಕಾದಶಿಯ ಗೆಣಸನ್ನು ಬಿಡಬೇಕಾಗುತ್ತದೆ. ಹಾಗಾಗಿ ಯಾವ ಜೀನು ಎಲ್ಲಿಂದ ಬಂತು ಎಂಬುದು ನನಗೆ ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆ ನನ್ನ ಅಪ್ಪ ಬಳ್ಳಿ ತಂದ ಹೊಲದಲ್ಲಿದೆ: ಈ ಬೀಜ ಯಾರದು, ನಾಳೆ ಅದನ್ನು ಯಾರು ಯಾರಿಗೆ ಕೊಡಬಹುದು, ಕೆಟ್ಟರೆ ಯಾರು ಬಂದು ನಿಲ್ಲುತ್ತಾರೆ?

*

ತಳಿ ಮಾಡುವುದು ಮನುಷ್ಯನಿಗೆ ಹೊಸದಲ್ಲ. ಕರ್ನಾಟಕದಲ್ಲಿ ಅತಿ ಹೆಚ್ಚು ಕಬ್ಬು ಬೆಳೆಯುವುದು ನಮ್ಮ ಬೆಳಗಾವಿ ಜಿಲ್ಲೆ. ಆ ಕಬ್ಬಿನ ಮೈಯಲ್ಲಿ ಕಾಡು ಹುಲ್ಲಿನ ರಕ್ತವಿದೆ. 1912ರಲ್ಲಿ ಕೊಯಿಮತ್ತೂರಿನಲ್ಲಿ ಕಬ್ಬು ತಳಿ ಕೇಂದ್ರ ತೆರೆದ ಸಿ. ಎ. ಬಾರ್ಬರ್, ಅವರ ಜೊತೆಗಿದ್ದ ಟಿ. ಎಸ್. ವೆಂಕಟರಾಮನ್ ಮೆತ್ತನೆಯ ದಪ್ಪ ಕಬ್ಬನ್ನು ಹೊಳೆದಂಡೆಯ ಕಾಡುಜಾತಿಯೊಂದಿಗೆ ಕೂಡಿಸಿದರು. 1918ರಲ್ಲಿ ಬಂದ ಕೋ 205 ಆ ಕೂಡಿಕೆಯ ಮಗು. ಇವತ್ತು ನಮ್ಮ ಗದ್ದೆಗಳಲ್ಲಿ ನಿಂತಿರುವ ಕೋ 86032ರ ಹೆಸರಿನ ಮೊದಲ ಅಕ್ಷರವೂ ಅದೇ ಕೊಯಿಮತ್ತೂರು. ಒಂದು ತುಂಡು ಕಬ್ಬು ನೆಟ್ಟವನು ಮರುವರ್ಷ ಹತ್ತು ತುಂಡು ಮಾಡಿ ನೆಂಟರಿಗೂ ಕೊಟ್ಟ. ಯಾರೂ ಬಂದು ಕೇಳಲಿಲ್ಲ.

ಹತ್ತಿಯಲ್ಲಿ ಮಾತು ಬೇರೆಯಾಯಿತು. ಬೈಲಹೊಂಗಲ, ಸವದತ್ತಿ, ಧಾರವಾಡದ ಎರೆ ಹೊಲಗಳಲ್ಲಿ ಜಯಧರದಂಥ ನಾಟಿ ಹತ್ತಿ ಬೆಳೆಯುತ್ತಿದ್ದ ಕಾಲದಲ್ಲಿ ರೈತ ಕಾಳು ಎತ್ತಿಟ್ಟುಕೊಂಡು ಮತ್ತೆ ಬಿತ್ತುತ್ತಿದ್ದ. 1970ರಲ್ಲಿ ಸೂರತ್‌ನಲ್ಲಿ ಸಿ. ಟಿ. ಪಟೇಲರು ಜಗತ್ತಿನ ಮೊದಲ ಸಂಕರಣ ಹತ್ತಿ ತಂದರು. ಎರಡು ವರ್ಷಕ್ಕೆ, 1972ರಲ್ಲಿ, ಧಾರವಾಡದ ಬಿ. ಎಚ್. ಕಟರ್ಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ಕೊಟ್ಟರು. 1981ರಲ್ಲಿ ಡಿಸಿಎಚ್ 32, ರೈತರ ಬಾಯಲ್ಲಿ ಜಯಲಕ್ಷ್ಮಿ. ಉದ್ದ ಎಳೆ, ಒಳ್ಳೆಯ ಬೆಲೆ. ಉತ್ತರ ಕರ್ನಾಟಕದಲ್ಲಿ ಎಷ್ಟೋ ಮನೆಗಳಿಗೆ ಹೆಂಚು ಹೊದಿಸಿದ್ದು ಈ ಹತ್ತಿ. ಕಟರ್ಕಿಯವರ ಹೆಸರು ಶಾಲೆಯ ಪುಸ್ತಕದಲ್ಲಿ ಇರಬೇಕಾದದ್ದು.

ವಿದ್ಯಾರ್ಥಿಯಾಗಿದ್ದಾಗ ನಾನು ಒಂದು ಹಂಗಾಮು ಹತ್ತಿ ಹೂವಿನ ಸಂಕರಣ ಕಲಿತೆ. ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಸಂಜೆ ಗುರುತಿಸಬೇಕು. ಹೆಬ್ಬೆರಳಿನ ಉಗುರನ್ನು ಬುಡಕ್ಕೆ ಊರಿ ತಿರುವಿದರೆ ದಳದ ಜೊತೆಗೆ ಪರಾಗದ ಕೋಶಗಳೆಲ್ಲ ಒಂದೇ ಕವಚದಂತೆ ಕಳಚಿ ಬರುತ್ತವೆ. ನಡುವಿನ ಶಲಾಕೆಗೆ ಪೆಟ್ಟಾಗಬಾರದು. ಬೆತ್ತಲಾದ ಹೂವಿಗೆ ಕೆಂಪು ಕಾಗದದ ಗುರುತು. ಮರುದಿನ ಬೆಳಿಗ್ಗೆ ಇಬ್ಬನಿ ಆರುತ್ತಿದ್ದಂತೆ ಗಂಡು ಸಾಲಿನ ಹೂ ತಂದು ಒಂದೊಂದಕ್ಕೂ ಪರಾಗ ಸವರಬೇಕು. ನನಗೆ ದಿನಕ್ಕೆ ನೂರು ಹೂ ಮುಗಿಸುವುದು ಕಷ್ಟವಾಗುತ್ತಿತ್ತು. ಪಕ್ಕದ ಸಾಲಿನ ಹೆಣ್ಣುಮಕ್ಕಳು ಮಾತಾಡುತ್ತಲೇ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಸಂಕರಣ ಹತ್ತಿಯ ಪ್ರತಿ ಕಾಳಿನ ಹಿಂದೆ ಇಂಥ ಒಂದು ಉಗುರಿನ ಗುರುತಿದೆ. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆ ದೊಡ್ಡ ಉದ್ಯಮವಾಗಿ ಬೆಳೆದದ್ದು ಈ ಕೈಗಳಿಂದ.

ಆದರೆ ಸಂಕರಣದ ಕಾಳನ್ನು ಮರುವರ್ಷ ಬಿತ್ತಿದರೆ ಗುಣ ಒಡೆದುಹೋಗುತ್ತದೆ. ಹಾಗಾಗಿ ರೈತ ವರ್ಷವರ್ಷ ಅಂಗಡಿಗೆ ಹೋಗಬೇಕಾಯಿತು. ಹತ್ತಿಯ ಕಾಳು ಒಕ್ಕಲಿಗನ ಕಣಜದಿಂದ ಅಂಗಡಿಗೆ ಸಾಗಿದ್ದು ಕುಲಾಂತರಿ ಬರುವುದಕ್ಕಿಂತ ಮೂವತ್ತು ವರ್ಷ ಮೊದಲು. ಇದನ್ನು ಕುಲಾಂತರಿಯ ವಿರೋಧಿಗಳು ಹೇಳುವುದಿಲ್ಲ, ಸಮರ್ಥಕರೂ ಹೇಳುವುದಿಲ್ಲ.

*

ಆಮೇಲೆ ಬಂದ ಕುಲಾಂತರಿ ಹತ್ತಿಯೇ ಬಿಟಿ ಹತ್ತಿ. ಬಿಟಿ ಎಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್. ಮಣ್ಣಿನ ಬ್ಯಾಕ್ಟೀರಿಯಾ. ರೇಷ್ಮೆಯ ನಾಡಿನವರಾದ ನಾವು ತಿಳಿಯಬೇಕಾದದ್ದು, ಅದನ್ನು ಮೊದಲು ಕಂಡದ್ದು ಸಾಯುತ್ತಿದ್ದ ರೇಷ್ಮೆಹುಳದಲ್ಲಿ. 1901ರಲ್ಲಿ, ಜಪಾನಿನ ಇಶಿವಾತಾ. ಜರ್ಮನಿಯ ತುರಿಂಜಿಯಾದಲ್ಲಿ ಹಿಟ್ಟಿನ ಪತಂಗದಲ್ಲಿ ಮತ್ತೆ ಸಿಕ್ಕಿದಾಗ ಬರ್ಲಿನರ್ ಈ ಹೆಸರಿಟ್ಟ. ಇದು ತಯಾರಿಸುವ ಪ್ರೋಟೀನು ಹರಳಿನ ರೂಪದಲ್ಲಿರುತ್ತದೆ. ಮರಿಹುಳದ ಕರುಳು ಕ್ಷಾರದ್ದು. ಅಲ್ಲಿ ಹರಳು ಕರಗಿ, ಕರುಳಿನ ಗೋಡೆಯ ಗೊತ್ತಾದ ಜಾಗಕ್ಕೆ ಕೀಲಿಯಂತೆ ಕೂತು ತೂತು ಕೊರೆಯುತ್ತದೆ. ಮನುಷ್ಯನ ಹೊಟ್ಟೆ ಆಮ್ಲದ್ದು, ಆ ಕೀಲಿಗೆ ಅಲ್ಲಿ ಬೀಗವೂ ಇಲ್ಲ. ಸಾವಯವ ಕೃಷಿಕರು ಈ ಬ್ಯಾಕ್ಟೀರಿಯಾವನ್ನೇ ಪುಡಿ ಮಾಡಿ ಸಿಂಪಡಿಸುತ್ತಾರೆ. ಆ ಪ್ರೋಟೀನಿನ ಜೀನನ್ನು ಗಿಡದೊಳಗೇ ಇಟ್ಟರೆ ಬಿಟಿ ಬೆಳೆ.

ಅದು ನಮ್ಮ ರಾಜ್ಯಕ್ಕೆ ಕಾಲಿಟ್ಟದ್ದು ಬೆಂಕಿಯ ನಡುವೆ. 1998ರ ನವೆಂಬರಿನಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ರಾಯಚೂರು ಜಿಲ್ಲೆಯ ಮಲದಕಲ್‌ನಲ್ಲಿ ಪ್ರಯೋಗದ ಹತ್ತಿ ಗಿಡಗಳನ್ನು ಕಿತ್ತು ಸುಟ್ಟಿತು. ತನ್ನ ಹೊಲದಲ್ಲಿ ಏನು ಬಿತ್ತಿದ್ದಾರೆ ಎಂದು ಆ ಹೊಲದ ರೈತನಿಗೇ ಸರಿಯಾಗಿ ಹೇಳಿರಲಿಲ್ಲ ಎಂಬುದು ಸಂಘದ ಆರೋಪ. ಬೆಳೆ ಸುಡುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಹೊಲದ ಯಜಮಾನನಿಗೆ ಹೇಳಬೇಕಿತ್ತು ಎಂಬ ಮಾತಿಗೆ ನಾನು ಅಂದೂ ಸಹಿ ಹಾಕುತ್ತಿದ್ದೆ, ಇಂದೂ ಹಾಕುತ್ತೇನೆ.

2002ರ ಮಾರ್ಚ್ 26ರಂದು ಕೇಂದ್ರದ ಸಮಿತಿ ಮೂರು ಬಿಟಿ ಹತ್ತಿ ಸಂಕರಣಗಳಿಗೆ ಒಪ್ಪಿಗೆ ಕೊಟ್ಟಿತು. ಮೊದಲ ವರ್ಷಗಳಲ್ಲಿ ಹಸಿರು ಕಾಯಿಕೊರಕ ನಿಜವಾಗಿ ತಗ್ಗಿತು. ವಾರವಾರ ಬೆನ್ನಿಗೆ ಔಷಧದ ಪಂಪು ಹೊತ್ತ ಮನುಷ್ಯನಿಗೆ ನಾಲ್ಕು ಸಿಂಪಡಣೆ ಕಡಿಮೆಯಾಗುವುದು ಎಂಥ ಬಿಡುಗಡೆ ಎಂದು ಆ ಪಂಪು ಹೊತ್ತವರಿಗೇ ಗೊತ್ತು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಹೊಲಗಳ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬಿಟಿಯಾಯಿತು. ರೈತರನ್ನು ಯಾರೋ ಮರುಳು ಮಾಡಿದರು ಎಂದು ಇದನ್ನು ವಿವರಿಸುವುದು ರೈತನ ಬುದ್ಧಿಗೆ ಮಾಡುವ ಅವಮಾನ.

ಆಮೇಲೆ ಗುಲಾಬಿ ಕಾಯಿಕೊರಕ ಬಂತು. ಗುಜರಾತಿನಲ್ಲಿ ಅದು ಮೊದಲ ಬಿಟಿ ಜೀನನ್ನು ಜೀರ್ಣಿಸಿಕೊಂಡ ಸುದ್ದಿ 2010ರಲ್ಲಿ ಹೊರಬಿತ್ತು. ಎರಡು ಜೀನಿನ ಬೋಲ್‌ಗಾರ್ಡ್ 2 ಕೂಡ ಕೆಲವು ವರ್ಷಗಳಲ್ಲಿ ಸೋತಿತು. ಯಾಕೆ? 450 ಗ್ರಾಂ ಬಿಟಿ ಬೀಜದ ಡಬ್ಬಿಯೊಳಗೆ 120 ಗ್ರಾಮಿನ ಬೇರೊಂದು ಪುಟ್ಟ ಪೊಟ್ಟಣ ಇರುತ್ತಿತ್ತು: ಬಿಟಿ ಇಲ್ಲದ ಹತ್ತಿ. ಅದನ್ನು ಹೊಲದ ಸುತ್ತ ಬಿತ್ತಬೇಕು. ಅಲ್ಲಿ ಸಾಧಾರಣ ಹುಳಗಳು ಬದುಕಿ, ವಿಷ ತಾಳಿಕೊಂಡ ಹುಳಗಳ ಜೊತೆ ಕೂಡಿ, ತಾಳಿಕೆಯ ಗುಣ ಹರಡದಂತೆ ತಡೆಯುತ್ತವೆ. ಆ ಪೊಟ್ಟಣವನ್ನು ನಾವು ಹೆಚ್ಚಿನವರು ಎಸೆದೆವು. ಒಂದು ಎಕರೆಯ ರೈತ ತನ್ನ ನೆಲದಲ್ಲಿ ಹುಳಕ್ಕೆ ಪಾಲು ಬಿಡಲಿ ಎಂದು ನಿರೀಕ್ಷಿಸಿದವರು, ಅದು ಯಾಕೆ ಎಂದು ಅವನ ಕಟ್ಟೆಗೆ ಬಂದು ಹೇಳಲಿಲ್ಲ. ಅಮೆರಿಕದಲ್ಲಿ ಇದೇ ಜೀನಿನ ಜೊತೆಗೆ ಬಂಜೆ ಪತಂಗಗಳನ್ನು ಬಿಟ್ಟು, ಸರ್ಕಾರ ಮತ್ತು ಬೆಳೆಗಾರರು ಕೂಡಿ ದುಡಿದು 2018ರಲ್ಲಿ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತೆಂದು ಸಾರಿದರು. ಜೀನು ಅದೇ, ಹುಳ ಅದೇ. ಇಲ್ಲಿ ಸೋತದ್ದು ವ್ಯವಸ್ಥೆ.

*

ಧಾರವಾಡಕ್ಕೂ ಸಂಬಂಧಿಸಿದ ಒಂದು ನೋವಿನ ಪ್ರಕರಣ ಹೇಳಬೇಕು. ಕಾಳು ಎತ್ತಿಟ್ಟು ಮತ್ತೆ ಬಿತ್ತಬಹುದಾದ ಬಿಟಿ ಹತ್ತಿಯನ್ನು ಸರ್ಕಾರಿ ವಿಜ್ಞಾನಿಗಳೇ ಮಾಡಬೇಕು ಎಂಬ ಆಸೆಯಿಂದ ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ, ದೆಹಲಿಯ ಸಸ್ಯ ಜೈವಿಕ ತಂತ್ರಜ್ಞಾನ ಕೇಂದ್ರ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಕೂಡಿ ಬಿಕಾನೇರಿ ನರ್ಮಾ ಎಂಬ ಹಳೆಯ ತಳಿಗೆ ಬಿಟಿ ಜೀನು ಸೇರಿಸಿದವು. 2009ರಲ್ಲಿ ಬೀಜ ರೈತರ ಕೈಗೆ ಹೋಯಿತು. ಒಂದೇ ಹಂಗಾಮಿನಲ್ಲಿ ಮಾರಾಟ ನಿಂತಿತು. ಅದರಲ್ಲಿದ್ದದ್ದು ನಮ್ಮವರು ಕಟ್ಟಿದ ಜೀನಲ್ಲ, ಖಾಸಗಿ ಕಂಪನಿಯ ಮಾನ್ 531 ಎಂದು ಎಸ್. ಕೆ. ಸೋಪೋರಿ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ರೈತ ತಾನೇ ಉಳಿಸಿಕೊಳ್ಳಬಹುದಾಗಿದ್ದ ಬಿಟಿ ಬೀಜದ ಕನಸು ಅಲ್ಲಿಗೆ ಮಣ್ಣಾಯಿತು. ಸಾರ್ವಜನಿಕ ವಿಜ್ಞಾನದ ಮೇಲೆ ಭರವಸೆ ಇಟ್ಟ ನನ್ನಂಥವರಿಗೆ ಅದು ಮನೆಯಲ್ಲಿ ಸಾವಾದಂಥ ದಿನ. ಆ ಕೆಲಸವನ್ನು ಶುದ್ಧವಾಗಿ ಮತ್ತೆ ಮಾಡಬೇಕಿತ್ತು. ಕೈಬಿಡಬಾರದಿತ್ತು.

ಆ ಬೀಜ ಹೊರಬಂದ 2009ರಲ್ಲೇ ಬಿಟಿ ಬದನೆಯ, ಅದರೊಂದಿಗೆ ಕುಡಚಿಯ ಬದನೆಯ ಪ್ರಶ್ನೆಯೂ ಎದ್ದಿತು. ಕುಡಚಿ ನಮ್ಮದೇ ಜಿಲ್ಲೆ, ರಾಯಬಾಗ ತಾಲ್ಲೂಕು, ಕೃಷ್ಣೆಯ ದಂಡೆ.

ಬದನೆಯ ದೊಡ್ಡ ಶತ್ರು ಕುಡಿ ಮತ್ತು ಕಾಯಿ ಕೊರೆಯುವ ಹುಳ. ನಮ್ಮ ಅವ್ವ ಎಣ್ಣೆಗಾಯಿಗೆ ಬದನೆ ಸೀಳುವಾಗ ನಾಲ್ಕು ಪಾಲನ್ನು ಬೇರೆಯಾಗಲು ಬಿಡದೆ ತೊಟ್ಟಿನ ಹತ್ತಿರ ನಿಲ್ಲಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮೇಲೆ ಸೂಜಿಮೊನೆಯಷ್ಟು ತೂತೂ ಇರುವುದಿಲ್ಲ. ಒಳಗೆ ಗುಲಾಬಿ ಛಾಯೆಯ ಹುಳ, ಕಂದು ಹಿಕ್ಕೆ. ಐದರಲ್ಲಿ ಎರಡು ಕಾಯಿ ದನದ ಬುಟ್ಟಿಗೆ ಹೋಗುತ್ತಿದ್ದವು. ಇದಕ್ಕೆ ಹೆದರಿ ಬೆಳೆಗಾರರು ಎರಡು ಮೂರು ದಿನಕ್ಕೊಮ್ಮೆ ಔಷಧ ಹೊಡೆಯುತ್ತಾರೆ, ಮರುದಿನವೇ ಕಾಯಿ ಹರಿದು ಸಂತೆಗೆ ತರುತ್ತಾರೆ. ಬಿಟಿ ಬದನೆ ಬೇಡ ಎನ್ನುವ ನಮ್ಮ ಗೆಳೆಯರು ಈ ವಿಷವನ್ನೂ ತಕ್ಕಡಿಗೆ ಹಾಕಬೇಕು.

ಮಹಿಕೋ ಕಂಪನಿ ಬಿಟಿ ಬದನೆ ತಯಾರಿಸಿತು. ಅಮೆರಿಕದ ನೆರವಿನ ಯೋಜನೆಯೊಂದರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಕೊಯಿಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವೂ ಆ ಜೀನನ್ನು ಸ್ಥಳೀಯ ತಳಿಗಳಿಗೆ ಸೇರಿಸುವ ಹೊಣೆ ಹೊತ್ತವು. ಧಾರವಾಡದವರು ಆರಿಸಿದ ಆರು ತಳಿಗಳ ಹೆಸರು ಕೇಳಿ: ಮಾಳಾಪುರ ಲೋಕಲ್, ಮಂಜರಿ ಗೋಟಾ, ಕುಡಚಿ ಲೋಕಲ್, ಉಡುಪಿ ಲೋಕಲ್ ಅಂದರೆ ಮಟ್ಟುಗುಳ್ಳ, ರಬಕವಿ ಲೋಕಲ್, 112 ಜಿಓ. ಹೆಸರು ಓದುತ್ತಿದ್ದರೆ ನಮ್ಮ ಸಂತೆಗಳಲ್ಲಿ ನಡೆದಂತಾಗುತ್ತದೆ. ಇವು ಸಂಕರಣಗಳಲ್ಲ, ರೈತ ಬೀಜ ಉಳಿಸಿಕೊಳ್ಳಬಹುದು, ಕಡಿಮೆ ಬೆಲೆಗೆ ಕೊಡುತ್ತೇವೆ ಎಂಬುದು ವಿಶ್ವವಿದ್ಯಾಲಯದ ಮಾತು. ಆ ಉದ್ದೇಶವನ್ನು ನಾನು ಸಂಶಯಿಸುವುದಿಲ್ಲ.

2009ರ ಅಕ್ಟೋಬರ್ 14ರಂದು ಕೇಂದ್ರ ಸಮಿತಿ ಬಿಟಿ ಬದನೆಗೆ ಹಸಿರು ನಿಶಾನೆ ತೋರಿತು. ಪರಿಸರ ಸಚಿವ ಜೈರಾಮ್ ರಮೇಶ್ ಊರೂರಿಗೆ ಹೋಗಿ ಸಾರ್ವಜನಿಕ ಸಭೆ ನಡೆಸಿದರು. ಕೊನೆಯದು 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಮೂರು ದಿನದ ಮೇಲೆ ತಡೆ ಘೋಷಿಸಿದರು. ಆ ತಡೆ ಇಂದಿಗೂ ಇದೆ. ಬದನೆಯ ತವರು ನಮ್ಮ ನೆಲ. ಅದರ ಕಾಡು ಬಂಧುಗಳು ಇಲ್ಲಿ ಬೇಲಿಬೇಲಿಯಲ್ಲಿ ಬೆಳೆಯುತ್ತವೆ. ದುಂಬಿ ಪರಾಗ ಹೊತ್ತು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಸ್ವತಂತ್ರ ಪರೀಕ್ಷೆ ಸಾಲದು, ಅವಸರವೇನೂ ಇಲ್ಲ ಎಂಬ ಸಚಿವರ ಕಾರಣ ಆ ದಿನಕ್ಕೆ ಸರಿ. ಆದರೆ ತಡೆ ಎಂದರೆ ಆ ಪರೀಕ್ಷೆಗಳನ್ನು ಮಾಡಿ ಮುಗಿಸುವ ಕಾಲಾವಕಾಶ ಎಂದು ತಿಳಿದಿದ್ದೆ. ಹತ್ತು ಹದಿನೈದು ವರ್ಷ ಏನೂ ಮಾಡದೆ ಕೂತದ್ದಕ್ಕೆ ಕಾರಣ ಸಿಗುವುದಿಲ್ಲ. ಇದೇ ಬಿಟಿ ಬದನೆಗೆ ಬಾಂಗ್ಲಾದೇಶ 2013ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟು, 2014ರ ಜನವರಿಯಲ್ಲಿ 20 ರೈತರ ಕೈಗೆ ಸಸಿ ಕೊಟ್ಟಿತು. ಅಲ್ಲಿನ ಸರ್ಕಾರಿ ಸಂಸ್ಥೆಯ ತಳಿಗಳವು. ರೈತರು ಬೀಜ ಉಳಿಸಿಕೊಳ್ಳುತ್ತಾರೆ.

ಇನ್ನು ಆರು ಹೆಸರುಗಳ ವಿಷಯ. 2010ರಲ್ಲಿ ಬೆಂಗಳೂರಿನ ಪರಿಸರ ಬೆಂಬಲ ಗುಂಪು ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು: ಕರ್ನಾಟಕದ ಆರು, ತಮಿಳುನಾಡಿನ ನಾಲ್ಕು ಬದನೆ ತಳಿಗಳನ್ನು 2002ರ ಜೀವವೈವಿಧ್ಯ ಕಾಯ್ದೆಯಂತೆ ಅನುಮತಿ ಪಡೆಯದೆ ಬಳಸಿದ್ದಾರೆ ಎಂದು. ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ವಿಷಯವನ್ನು 2012ರಲ್ಲಿ ಧಾರವಾಡದ ನ್ಯಾಯಾಲಯಕ್ಕೆ ಒಯ್ದಿತು. ಅಲ್ಲಿಂದ ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೂ ಹೋಯಿತು. ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ ಇಂಥ ಉಲ್ಲಂಘನೆಗೆ ಜೈಲುಶಿಕ್ಷೆ ಹೋಗಿ ದಂಡ ಉಳಿಯಿತು. ತಪ್ಪು ಯಾರದು ಎಂದು ತೀರ್ಪು ಕೊಡುವ ಅಧಿಕಾರ ನನಗಿಲ್ಲ. ನನ್ನ ಮನಸ್ಸನ್ನು ಕೊರೆಯುವುದು ಒಂದು ಸಣ್ಣ ವಿಷಯ. ಇಷ್ಟೆಲ್ಲ ಕಾಗದಪತ್ರಗಳಲ್ಲಿ ಕಂಪನಿಯ ಹೆಸರಿದೆ, ವಿಶ್ವವಿದ್ಯಾಲಯದ ಹೆಸರಿದೆ, ಮಂಡಳಿಯ ಹೆಸರಿದೆ. ಆ ಬದನೆಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಬಟ್ಟೆ ಗಂಟಿನಲ್ಲಿ ಕಟ್ಟಿ, ಅಡಿಗೆಮನೆಯ ನಾಗೊಂದಿಗೆಯ ಮೇಲೆ ತಲೆತಲಾಂತರ ಉಳಿಸಿದ ಹೆಣ್ಣುಮಕ್ಕಳ ಹೆಸರು ಒಂದೂ ಇಲ್ಲ. ತಳಿಯ ಹೆಸರಿನಲ್ಲಿ ಊರಿದೆ, ಊರಿನವರನ್ನು ಕೇಳಿದವರಿಲ್ಲ. ಮಟ್ಟುವಿನವರು ತಮ್ಮ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದರು. ಅವರು ಸಂಘಟಿತರು, ಅವರಿಗೆ ಅದು ದಕ್ಕಿತು. ಕುಡಚಿಯ ಬದನೆಯ ಪರವಾಗಿ ಹಾಗೆ ಎದ್ದು ನಿಂತವರಿಲ್ಲ.

*

ಈಗ ಹೊಸ ಗಾಳಿ ಬೀಸಿದೆ. 2022ರ ಅಕ್ಟೋಬರಿನಲ್ಲಿ ಕುಲಾಂತರಿ ಸಾಸಿವೆಗೆ ಕೇಂದ್ರ ಸಮಿತಿ ಒಪ್ಪಿಗೆ ಕೊಟ್ಟಿತು. 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನಮ್ಮವರೇ ಆದ ಬಿ. ವಿ. ನಾಗರತ್ನ ಅವರು ಒಪ್ಪಿಗೆಯನ್ನು ತಳ್ಳಿಹಾಕಿದರು, ಸಂಜಯ್ ಕರೋಲ್ ಎತ್ತಿಹಿಡಿದರು. ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿಯೊಂದು ಬೇಕು ಎಂಬಲ್ಲಿ ಇಬ್ಬರೂ ಒಂದಾದರು. 2025ರ ಮೇ ತಿಂಗಳಲ್ಲಿ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಭಾರತೀಯ ಕೃಷಿ ಸಂಶೋಧನಾ ಮಂಡಳಿ ಪ್ರಕಟಿಸಿತು. ಒಂದರ ಹೆಸರು ಕಮಲಾ. ನಮ್ಮ ಅಂಗಡಿಗಳಲ್ಲಿ ದಿನವೂ ಮಾರುವ ಬಿಪಿಟಿ 5204ರ ತಿದ್ದಿದ ರೂಪ. ಇವುಗಳಲ್ಲಿ ಪರಕೀಯ ಜೀನಿಲ್ಲ, ಇದ್ದದ್ದರಲ್ಲೇ ಚೂರು ತಿದ್ದಿದ್ದಾರೆ. ಆದ್ದರಿಂದ ಕುಲಾಂತರಿಯ ಕಠಿಣ ನಿಯಮಗಳಿಂದ ಇಂಥವಕ್ಕೆ 2022ರಲ್ಲೇ ವಿನಾಯಿತಿ ಸಿಕ್ಕಿದೆ. ಒಳ್ಳೆಯ ತಳಿಯಾದರೆ ಸ್ವಾಗತ. ಆದರೆ ತಿದ್ದುವ ಉಪಕರಣದ ಪೇಟೆಂಟು ಹೊರದೇಶದವರ ಕೈಯಲ್ಲಿದೆ. ಅದರ ಲೆಕ್ಕ ಬೀಜದ ಚೀಲ ಅಂಗಡಿಗೆ ಬರುವ ಮೊದಲೇ ರೈತನ ಮುಂದೆ ಇಡಬೇಕು. 2001ರ ಸಸ್ಯ ತಳಿ ರಕ್ಷಣೆ ಮತ್ತು ರೈತ ಹಕ್ಕು ಕಾಯ್ದೆ ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ನಮಗೆ ಬರೆದುಕೊಟ್ಟಿದೆ. ಜಗತ್ತಿನಲ್ಲಿ ಇಷ್ಟು ಗಟ್ಟಿಯಾದ ಬರಹ ವಿರಳ. ಆ ಹಕ್ಕನ್ನು ಸಡಿಲಿಸುವ ಯಾವ ಬೀಜವೂ, ಎಷ್ಟೇ ಫಸಲು ಕೊಡಲಿ, ನನಗೆ ಬೇಡ. ಅದನ್ನು ಒಪ್ಪಿ ಬರುವ ಬೀಜ, ಪ್ರಯೋಗಾಲಯದಿಂದ ಬಂದರೂ, ಬರಲಿ.

ಕೊನೆಗೆ ನಿಮ್ಮ ಅಂಗಳಕ್ಕೆ ಮರಳುತ್ತೇನೆ. ಬೆಳಗಾವಿ ಬಾಸುಮತಿ ಎಂಬ ಅಕ್ಕಿ ಇತ್ತು, ಇದೆ. ವಡಗಾವಿ, ಶಹಾಪುರ, ಯಳ್ಳೂರ ಕಡೆಯ ಗದ್ದೆಗಳಲ್ಲಿ ತೆನೆ ಕಟ್ಟುವಾಗ ಬದುವಿನ ಮೇಲೆ ನಡೆದವರ ಮೂಗಿಗೇ ಗೊತ್ತಾಗುವ ತಳಿ. ಬಾಸುಮತಿ ಎಂಬ ಹೆಸರಿನ ಭೌಗೋಳಿಕ ಸೂಚಿಕೆ ಉತ್ತರದ ರಾಜ್ಯಗಳಿಗೆ ಸೀಮಿತವಾದದ್ದರಿಂದ ಆ ಹೆಸರಿನಲ್ಲಿ ಅದಕ್ಕೆ ರಕ್ಷಣೆಯಿಲ್ಲ. ಬೆಳಗಾವಿಯಲ್ಲೇ ಹರಿಯುವ ಬಳ್ಳಾರಿ ನಾಲೆಯ ನೆರೆ ಒಂದು ಕಡೆ, ಬೈಪಾಸ್ ರಸ್ತೆ ಇನ್ನೊಂದು ಕಡೆ ಆ ಗದ್ದೆಗಳನ್ನು ತಿನ್ನುತ್ತಿವೆ. ಹಿಂಡಲಗಾದಲ್ಲೂ ನಾನು ಹುಡುಗನಾಗಿದ್ದಾಗ ಕಂಡ ಹೊಲಗಳು ಲೇಔಟುಗಳಾಗಿವೆ. ಖಾನಾಪುರದಲ್ಲಿ ಕೂರಿಗೆಯಿಂದ ಬಿತ್ತುವ ಭತ್ತದಲ್ಲಿ ಇಂಡೋನೇಷ್ಯಾದಿಂದ ಬಂದ ಇಂಟಾನ್, ಮುಗದ ಸಂಶೋಧನಾ ಕೇಂದ್ರದ ತಳಿಗಳು ಇನ್ನೂ ನಿಂತಿವೆ. ಹಳೆಯ ನಾಟಿ ತಳಿಗಳು ಒಬ್ಬೊಬ್ಬ ಮುದುಕರ ಜೊತೆ ಒಂದೊಂದಾಗಿ ಹೋಗುತ್ತಿವೆ. ನಾಳೆ ಯಾವ ವಿಜ್ಞಾನಿ ಎಂಥ ಉಪಕರಣ ಹಿಡಿದು ಬಂದರೂ ತಿದ್ದುವುದಕ್ಕೆ ಮೊದಲು ಒಂದು ಗಿಡ ಬೇಕು. ಬೀಜ ಹೋದಮೇಲೆ ಪ್ರಯೋಗಾಲಯ ಏನೂ ಮಾಡಲಾರದು.

ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನಂತೆ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ತಳಿಗಳನ್ನೆಲ್ಲ ಜನರ ಬಾಯಿಂದ ಕೇಳಿ ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಕುಡಚಿಯ ಬದನೆಯ ಪರವಾಗಿ ಎದ್ದು ನಿಲ್ಲಲು ಬೇಕಾಗಿದ್ದ ಆಧಾರ ಅದೇ. ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಇಷ್ಟು. ಮುಂದಿನ ವಾರ ಪಂಚಾಯಿತಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿ. ಇದ್ದರೆ ಅದರಲ್ಲಿ ನಿಮ್ಮ ಗೆಣಸಿನ ಬಳ್ಳಿ ಇದೆಯೇ ನೋಡಿ. ಇಲ್ಲದಿದ್ದರೆ ಒಂದು ನೋಟುಪುಸ್ತಕ ತಗೊಂಡು ನಿಮ್ಮ ಅಜ್ಜಿಯ ಹತ್ತಿರ ಕೂಡಿ. ತಳಿಯ ಹೆಸರು, ಯಾರಿಂದ ತಂದದ್ದು, ಎಂದು ನೆಡುವುದು, ಹೇಗೆ ಉಳಿಸುವುದು, ಎಲ್ಲವನ್ನೂ ಬರೆದುಕೊಳ್ಳಿ. ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ, ಅಜ್ಜಿ ಆಡುವ ಮಾತಿನಲ್ಲೇ ಬರೆಯಿರಿ. ಅಜ್ಜಿಯ ಹೆಸರನ್ನು ಮೊದಲ ಸಾಲಿನಲ್ಲಿ ಹಾಕಿ.